ಅಡ್ಡಿ ಮೀಮಾಂಸೆ

ಎ, ಡಿ, ಡಿ, ಐ, ಇ. ನೌಕರರಿಗೆ ಕೆಲಸ ಕಲಿಸುವ ಶಾಸ್ತ್ರದ ಪಂಚಾಕ್ಷರಿ ಇದು. ಪಂಡಿತರು ‘ಆ್ಯಡಿ’ ಎನ್ನುತ್ತಾರೆ. ನಮ್ಮ ಆಫೀಸಿನ ರೂಢಿಯಲ್ಲಿ ‘ಅಡ್ಡಿ’. ಅನುಭವಪ್ರಮಾಣದಿಂದ ಎರಡನೆಯ ಪಾಠವೇ ಶುದ್ಧವೆಂದು ಪ್ರಬಂಧಕಾರನ ಮತ. ಅನಾಲಿಸಿಸ್, ಡಿಸೈನ್, ಡೆವಲಪ್‌ಮೆಂಟ್, ಇಂಪ್ಲಿಮೆಂಟೇಶನ್, ಇವ್ಯಾಲ್ಯುಯೇಶನ್: ಏನು ಬೇಕು ನೋಡು, ನಕ್ಷೆ ಹಾಕು, ತಯಾರಿಸು, ಕಲಿಸು, ಕಲಿತರೋ ಇಲ್ಲವೋ ನೋಡು.

ಇನ್ನು ಕಾಲ-ಕರ್ತೃ ವಿಚಾರ. 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೇನೆಗಾಗಿ ರಚಿಸಿದ ಕೈಪಿಡಿಯೇ ಇದರ ಮೂಲ. ಅದರಲ್ಲಿ ಐದನೆಯ ಮೆಟ್ಟಿಲು ಇವ್ಯಾಲ್ಯುಯೇಶನ್ ಅಲ್ಲ, ಕಂಟ್ರೋಲ್. (ಸಿಪಾಯಿಗಳನ್ನು ‘ಹೇಗನಿಸಿತು?’ ಎಂದು ಕೇಳುವ ಪದ್ಧತಿ ಆಗ ಇರಲಿಲ್ಲವೆಂದು ತೋರುತ್ತದೆ.) ಪಂಚಾಕ್ಷರಿಯ ಹೆಸರಿಟ್ಟವರು ಯಾರು? 2003ರಲ್ಲಿ ಮೈಕೆಲ್ ಮೊಲೆಂಡಾ ಎಂಬ ವಿದ್ವಾಂಸರು ಹುಡುಕಿ ಹುಡುಕಿ, ಇದಕ್ಕೊಬ್ಬ ಕರ್ತೃವಿಲ್ಲ, ಬಾಯಿಂದ ಬಾಯಿಗೆ ಬಂದದ್ದು ಎಂದರು. ಅಂದಮೇಲೆ ಇದು ಜನಪದ. ಗಾದೆ, ಒಗಟು, ಅಡ್ಡಿ.

ಪ್ರಯೋಗಕ್ಕೆ ಬರೋಣ. ಮಳೆಗಾಲ ಶುರುವಾದಾಗಿನಿಂದ ಎರಡನೇ ಮಹಡಿಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ‘ಟ್ರೇನಿಂಗ್ ಕೊಡಿ’ ಎಂದು ಮೇಲಿನವರ ಅಪ್ಪಣೆಯಾಯಿತು. ಅಪ್ಪಣೆಯಾದ ಮೇಲೆ ಅನಾಲಿಸಿಸ್ ಅಧಿಕಪ್ರಸಂಗವಾದ್ದರಿಂದ ಅದನ್ನು ಊಟಕ್ಕೆ ಮುಂಚೆಯೇ ಮುಗಿಸಿದೆವು. ಮೇಜರ್ ಮತ್ತು ಪೈಪ್ ಎಂಬ ಜೋಡಿ 1970ರಲ್ಲೇ ಒಂದು ತಕರಾರು ಎತ್ತಿದ್ದುಂಟು: ಪ್ರಾಣದ ಪ್ರಶ್ನೆ ಬಂದರೆ ಆ ಕೆಲಸವನ್ನು ಆತ ಮಾಡಿಯಾನೆ? ಮಾಡಿಯಾನಾದರೆ ಅವನಿಗೆ ಬೇಕಾದ್ದು ಪಾಠವಲ್ಲ, ಕಾರಣ ಬೇರೆಲ್ಲೋ ಇದೆ. ನೌಕರರ ಪ್ರಾಣಕ್ಕೆ ಸಂಚಕಾರ ತರುವ ಅಧಿಕಾರ ನಮ್ಮ ವಿಭಾಗಕ್ಕಿಲ್ಲವಾಗಿ ಈ ಪರೀಕ್ಷೆಯನ್ನು ಕೈಬಿಡಲಾಯಿತು.

ಡಿಸೈನಿನಲ್ಲಿ ಉದ್ದೇಶವಾಕ್ಯವೇ ಪ್ರಾಣ. ‘ತಿಳಿ’ ಎಂಬ ಧಾತು ಇಲ್ಲಿ ನಿಷಿದ್ಧ. ತಿಳಿದದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ. ನಾಲ್ಕು ಮೀಟಿಂಗುಗಳ ಮಥನದಿಂದ ಹುಟ್ಟಿದ್ದು ಇದು: ‘ಸಿಕ್ಕಿಕೊಂಡ ಎ-ಫೋರ್ ಹಾಳೆಯನ್ನು ಕೊಟ್ಟಲ್ಲಿ, ಕಲಿಕಾರ್ಥಿಯು ಹಿಂಬದಿ ಮುಚ್ಚಳ ತೆರೆದು, 90 ಸೆಕೆಂಡಿನೊಳಗೆ, ಹರಿಯದಂತೆ ಹೊರತೆಗೆಯುವನು.’ ‘ತೆಗೆಯುವನು’ ಸಾಧುವೋ ‘ತೆಗೆಯಬಲ್ಲನು’ ಸಾಧುವೋ ಎಂಬಲ್ಲಿ ಎರಡು ಪಂಥಗಳಾದವು. ಅವು ಇಂದಿಗೂ ಬೇರೆ ಬೇರೆ ಟೇಬಲ್ಲಿನಲ್ಲಿ ಊಟ ಮಾಡುತ್ತವೆ.

ಡೆವಲಪ್‌ಮೆಂಟಿನ ಫಲ 42 ಸ್ಲೈಡುಗಳು. ಧ್ವನಿ ಮುಗಿಯುವವರೆಗೆ ‘ಮುಂದೆ’ ಗುಂಡಿ ಒತ್ತಲು ಬಾರದಂತೆ ಬೀಗ. ಜನ ಸೌಂಡ್ ಮುಚ್ಚಿ ಟೀಗೆ ಹೋದರು.

ಇಂಪ್ಲಿಮೆಂಟೇಶನ್ ದಿನ ಪ್ರಾತ್ಯಕ್ಷಿಕೆಗೆಂದು ಪ್ರಿಂಟರ್ ಒತ್ತಿದೊಡನೆ ಹಾಳೆ ನಿಜಕ್ಕೂ ಸಿಕ್ಕಿಕೊಂಡಿತು. ಟೀ ತಂದಿದ್ದ ಅಟೆಂಡರ್ ತಟ್ಟೆ ಕೆಳಗಿಟ್ಟರು. ಮುಚ್ಚಳ ತೆಗೆದು, ಹಾಳೆಯ ಎರಡೂ ತುದಿ ಹಿಡಿದು, ಮಗುವಿನ ಕಾಲಿನಿಂದ ಮುಳ್ಳು ತೆಗೆಯುವವರ ಹಾಗೆ ಮೆಲ್ಲಗೆ ಎಳೆದರು. ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡು, ‘ಥಂಡಿ ಹಿಡಿದೈತೆ ಸಾರ್. ಬಂಡಲ್ ಕಿಟಕಿ ಪಕ್ಕ ಇಡಬ್ಯಾಡ್ರಿ ಅಂತ ಜೂನಲ್ಲೇ ಹೇಳಿದ್ದೆ’ ಎಂದರು. ಕಲಿಕಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಹಾಗಾಗಿ ಈ ಹೇಳಿಕೆ ದಾಖಲಾಗಿಲ್ಲ.

ಕೊನೆಯದು ಇವ್ಯಾಲ್ಯುಯೇಶನ್. ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮಜಲು ಹೇಳಿದ್ದಾರೆ: ಹಿಡಿಸಿತೇ, ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಫಲ ಸಿಕ್ಕಿತೇ. ಲೋಕರೂಢಿಯಂತೆ ನಾವೂ ಮೊದಲನೆಯದರಲ್ಲೇ ಬಿಡಾರ ಹೂಡಿದೆವು. ಬಂದ ಫಾರಂಗಳಲ್ಲಿ ಒಂದು ಮಾತ್ರ ವಿಚಾರಾರ್ಹ. ಶಿರಸಿ ಕಡೆಯ ಸಹೋದ್ಯೋಗಿಯೊಬ್ಬರು ಒಂದೇ ಪದ ಬರೆದಿದ್ದರು: ‘ಅಡ್ಡಿಲ್ಲೆ’. ಅವರ ಸೀಮೆಯಲ್ಲಿ ಹಾಗೆಂದರೆ ‘ಪರವಾಗಿಲ್ಲ, ಚೆನ್ನಾಗಿದೆ’ ಎಂದು ಒಂದು ಪಂಥ. ‘ಇಲ್ಲಿ ಅಡ್ಡಿಯೇ ಇಲ್ಲ, ಅಂದರೆ ಮಾದರಿಯನ್ನು ಪಾಲಿಸಿಲ್ಲ ಎಂಬ ಆಕ್ಷೇಪಣೆ’ ಎಂದು ಇನ್ನೊಂದು. ಅರ್ಥನಿರ್ಣಯಕ್ಕೆ ಸಮಿತಿ ರಚನೆಯಾಗಿದೆ. ಅದರ ಮೊದಲ ಸಭೆಯ ನೋಟೀಸು ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದೆ.