ಪ್ರಸ್ತುತ ಸಂಶೋಧಕನ ಹತ್ತನೆಯ ಲೇಖನ

ವಿದ್ವತ್ ಬರವಣಿಗೆಯ ರೂಢಿ ಎಂದರೆ, ಪಾಠ, ಪರೀಕ್ಷೆ, ಸಭೆ ಮೊದಲಾದ ಕರ್ತವ್ಯಗಳು ಎಷ್ಟೇ ಒತ್ತಿ ಬಂದರೂ, ದಿನದ ಒಂದು ನಿಯತ ಹೊತ್ತಿನಲ್ಲಿ ಕುಳಿತು ಅಧ್ಯಾಪಕನು ತನ್ನ ಸಂಶೋಧನೆಯನ್ನು ಕುರಿತು ನಾಲ್ಕು ಸಾಲನ್ನಾದರೂ ಬರೆದು ಏಳುವುದು. ಇಂಥ ರೂಢಿ ಕೆಲವರಲ್ಲಿ ಇದೆಯೆಂದು ಗ್ರಂಥಗಳು ಹೇಳುತ್ತವೆ. ಇಲ್ಲಿ ನಿರೂಪಿತವಾಗುವ ಸಂವಾದವು ಅದು ಇಲ್ಲದವರಿಗೆ ಸಂಬಂಧಿಸಿದ್ದು. ಅದು ನಡೆದ ಸ್ಥಳ ಮೈಸೂರಿನ ಸರಸ್ವತಿಪುರಂನ ಒಂದು ಡಿಟಿಪಿ ಅಂಗಡಿ, ಅಂದರೆ ಹಸ್ತಪ್ರತಿಯನ್ನು ಗಣಕದಲ್ಲಿ ಜೋಡಿಸಿ, ಪ್ರಿಂಟ್ ತೆಗೆದು, ಬೈಂಡಿಂಗ್ ಮಾಡಿಕೊಡುವ, ಸಂಶೋಧನೆಯ ಗಡುವುಗಳೆಲ್ಲ ಕಟ್ಟಕಡೆಗೆ ಬಂದು ಸೇರುವ ತಾಣ. ಪಾತ್ರಗಳು ಎರಡು. ಒಬ್ಬರು ಕನ್ನಡದ ಸಹ ಪ್ರಾಧ್ಯಾಪಕರು. ಮಹಾಪ್ರಬಂಧದಲ್ಲಿ ಉತ್ತಮ ಪುರುಷ ಸರ್ವನಾಮ ನಿಷಿದ್ಧವೆಂದು ಮಾರ್ಗದರ್ಶಕರು ಹಿಂದೆ ಹೇಳಿಕೊಟ್ಟದ್ದನ್ನು ತರಕಾರಿ ಕೊಳ್ಳುವಾಗಲೂ ಬಿಡದೆ, ತಮ್ಮನ್ನು ‘ಪ್ರಸ್ತುತ ಸಂಶೋಧಕ’ ಎಂದೇ ಕರೆದುಕೊಳ್ಳುವವರು. ಇನ್ನೊಬ್ಬರು ಅಂಗಡಿಯ ಒಡತಿ ಜಯಮ್ಮ. ಮಹಾಪ್ರಬಂಧಗಳನ್ನು ಜೋಡಿಸಿ ಜೋಡಿಸಿ ಅವರ ಆಡುಮಾತೂ ಗ್ರಾಂಥಿಕವಾಗಿದೆ. ಆ ಪ್ರಬಂಧಗಳನ್ನು ಪರೀಕ್ಷಕರಿಗಿಂತ ಹೆಚ್ಚು ಗಮನವಿಟ್ಟು ಓದಿದವರು ಅವರೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ.

ಜಯಮ್ಮ: ಬನ್ನಿ ಸರ್, ಕೂತುಕೊಳ್ಳಿ. ಗಡ್ಡ ಎದೆಯವರೆಗೆ ಇಳಿದಿದೆ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ಭಾವಿಸಬಹುದೇ?

ಪ್ರೊಫೆಸರ್: ಎಲ್ಲರೂ ಕ್ಷೇಮ, ಜಯಮ್ಮನವರೇ. ಇದು ಸೂತಕದ ಗಡ್ಡವಲ್ಲ, ಪ್ರತಿಜ್ಞೆಯ ಗಡ್ಡ. ನಂದರನ್ನು ನಿರ್ಮೂಲ ಮಾಡುವ ತನಕ ಶಿಖೆಯನ್ನು ಕಟ್ಟುವುದಿಲ್ಲವೆಂದು ಚಾಣಕ್ಯನು ಶಪಥ ಮಾಡಿದ್ದು ತಮಗೆ ತಿಳಿದೇ ಇದೆ. ಆ ಚಾಣಕ್ಯನ ಕತೆಯನ್ನು ಕನ್ನಡ ಗದ್ಯದಲ್ಲಿ ಹೇಳಿದ, ಕೆಂಪುನಾರಾಯಣನ 1823ರ ‘ಮುದ್ರಾಮಂಜೂಷ’ದ ವಾಕ್ಯರಚನೆಯನ್ನು ಕುರಿತ ಲೇಖನವು ಮುಗಿಯುವ ತನಕ ಪ್ರಸ್ತುತ ಸಂಶೋಧಕನು ಕ್ಷೌರದಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಜಯಮ್ಮ: ಆದರೆ ಚಾಣಕ್ಯನು ಕೊನೆಗೂ ಶಿಖೆಯನ್ನು ಕಟ್ಟಿಕೊಂಡನಲ್ಲ ಸರ್?

ಪ್ರೊಫೆಸರ್: ಅವನಿಗೆ ನ್ಯಾಕ್ ಇರಲಿಲ್ಲ.

ನ್ಯಾಕ್ ಎಂಬುದು ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆದು ಶ್ರೇಣಿ ನೀಡಲು 1994ರಲ್ಲಿ ಸ್ಥಾಪಿತವಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಷ್ಟ್ರೀಯ ಪರಿಷತ್ತು. ಅದು ನಿಗದಿಪಡಿಸಿದ ಏಳು ಮಾನದಂಡಗಳಿಗೆ ದಾಖಲೆ ಒದಗಿಸುವ ಕೆಲಸ ಯಾರ ಕೊರಳಿಗೆ ಬೀಳುತ್ತದೋ ಅವರ ಸಂಶೋಧನೆ ಅಲ್ಲಿಗೆ ನಿಲ್ಲುತ್ತದೆ. ಮೂರನೆಯ ಮಾನದಂಡವು ಸಂಶೋಧನೆಯೇ ಆಗಿರುವುದರಿಂದ, ನಿಂತ ಸಂಶೋಧನೆ ಭರದಿಂದ ಸಾಗುತ್ತಿದೆಯೆಂದು ಬರೆಯುವ ಹೊಣೆಯೂ ಅವರದೇ ಆಗುತ್ತದೆ. ಇತ್ತ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2018ರ ನಿಯಮಾವಳಿಯಂತೆ ವಿಶ್ವವಿದ್ಯಾಲಯದ ಸಹ ಪ್ರಾಧ್ಯಾಪಕರು ಪ್ರಾಧ್ಯಾಪಕರಾಗಿ ಬಡ್ತಿ ಪಡೆಯಲು ಹತ್ತು ಸಂಶೋಧನ ಲೇಖನಗಳು ಪ್ರಕಟವಾಗಿರಬೇಕು. ಸಂವಾದದ ಪ್ರೊಫೆಸರರ ಬಳಿ ಒಂಬತ್ತಿದ್ದವು.

ಜಯಮ್ಮ: ಹತ್ತನೆಯದು ದಸರಾ ರಜೆಯಲ್ಲಿ ಮುಗಿಯುತ್ತದೆಂದು ತಾವು ಹೇಳಿದ ಹಾಗಿತ್ತು.

ಪ್ರೊಫೆಸರ್: ಆರಂಭವೇನೋ ಆಯಿತು. ಆದರೆ ಮೊದಲ ಪುಟವು ಹಳೆಯ ನುಡಿ ತಂತ್ರಾಂಶದಲ್ಲಿತ್ತು. ಪತ್ರಿಕೆಯವರು ಯೂನಿಕೋಡ್, ಅಂದರೆ ಯಾವ ಗಣಕದಲ್ಲಿ ತೆರೆದರೂ ಅಕ್ಷರವು ಬೇರೊಂದಾಗಿ ಕಾಣದ ಸಂಕೇತ ವ್ಯವಸ್ಥೆಯಲ್ಲೇ ಬೇಕೆಂದರು. ಪರಿವರ್ತಿಸಿದೊಡನೆ ಅರ್ಕಾವೊತ್ತುಗಳೆಲ್ಲ ತಮ್ಮ ಸ್ಥಾನ ಬಿಟ್ಟು ಅಲೆಯತೊಡಗಿದವು. ಒಂದೊಂದನ್ನೂ ಹಿಡಿದು ತಂದು ಕೂಡಿಸುವಷ್ಟರಲ್ಲಿ ಜಂಬೂಸವಾರಿ ಮುಗಿದು ಆನೆಗಳು ಕಾಡಿಗೆ ಹಿಂತಿರುಗಿದ್ದವು.

ಜಯಮ್ಮ: ಆ ಕೆಲಸಕ್ಕೆ ಈ ಅಂಗಡಿಯೇ ಇತ್ತಲ್ಲ ಸರ್.

ಪ್ರೊಫೆಸರ್: ಸಮಸ್ಯೆ ಅರ್ಕಾವೊತ್ತಿನದಲ್ಲ, ರೂಢಿಯದು ಎಂಬುದು ಆಮೇಲೆ ಮನವರಿಕೆಯಾಯಿತು. ಆದ್ದರಿಂದ ರೂಢಿಯನ್ನು ಕುರಿತ ಗ್ರಂಥಗಳನ್ನು ತರಿಸಿ ಅಧ್ಯಯನ ಮಾಡಲಾಯಿತು. ಇಂಗ್ಲೆಂಡಿನ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಿದ್ದಾಗಲೂ, ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆದು ಜೀವಿತಾವಧಿಯಲ್ಲಿ 47 ಕಾದಂಬರಿಗಳನ್ನು ರಚಿಸಿದನು.

ಜಯಮ್ಮ: ಐದೂವರೆಗೆ ಅವರನ್ನು ಎಬ್ಬಿಸುತ್ತಿದ್ದವರು ಯಾರು?

ಪ್ರೊಫೆಸರ್: ಅದು ಗೌಣ ಸಂಗತಿ. ಕಾಫಿ ತಂದು ಎಬ್ಬಿಸುವುದಕ್ಕೆಂದೇ ಒಬ್ಬ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದನು. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಆ ಆಳಿಗೇ ಹೆಚ್ಚು ಋಣಿಯೆಂದು 1883ರಲ್ಲಿ, ಅಂದರೆ ಅವನ ಮರಣಾನಂತರ, ಪ್ರಕಟವಾದ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಇಲ್ಲಿ ಮುಖ್ಯವಾದುದು ಗಡಿಯಾರ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬಾತನು 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರವೊಂದಕ್ಕೆ ಕೀಲಿ ಕೊಟ್ಟು, 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ವಿಧಾನವನ್ನೇ ರೂಪಿಸಿದನು. ಅದನ್ನೂ ಪ್ರಯೋಗಿಸಿ ನೋಡಲಾಗಿದೆ.

ಜಯಮ್ಮ: ಫಲಿತಾಂಶ?

ಪ್ರೊಫೆಸರ್: ವಿರಾಮದ ಭಾಗ ಸಂಪೂರ್ಣ ಯಶಸ್ವಿಯಾಗಿದೆ.

ಇಲ್ಲಿ ಪ್ರೊಫೆಸರರು ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದು, ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಅಧ್ಯಾಪಕರ ಬರವಣಿಗೆಯನ್ನು ಕುರಿತು ನಡೆಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ವಿವರಿಸಿದರು. ಬಿಡುವು ಸಿಕ್ಕಾಗ ಒಮ್ಮೆಲೇ ಬರೆದು ಮುಗಿಸುತ್ತೇವೆನ್ನುವ ಹಳೆಯ ಪದ್ಧತಿಯವರು ವರ್ಷಕ್ಕೆ ಸರಾಸರಿ 17 ಪುಟ ಬರೆದರೆ, ದಿನವೂ ಸ್ವಲ್ಪ ಹೊತ್ತು ಬರೆದು ಅದರ ದಾಖಲೆ ಇಟ್ಟವರು 64 ಪುಟ ಬರೆದರು ಎಂಬುದು ಅವರು ಓದಿ ಹೇಳಿದ ಸಾರ. ಓದಿದ ಕೂಡಲೇ ಅವರು ಪುಸ್ತಕವನ್ನು ಮುಚ್ಚಿದ ರಭಸವು ಜಯಮ್ಮನವರ ಕಣ್ಣಿಗೆ ಬೀಳದೆ ಹೋಗಲಿಲ್ಲ.

ಜಯಮ್ಮ: ಸರ್, ಆ ಪುಟದ ಕೆಳಗೆ ಇನ್ನೊಂದು ಸಾಲು ಕಂಡ ಹಾಗಾಯಿತು.

ಪ್ರೊಫೆಸರ್: ಅದು ಮೂರನೆಯ ಗುಂಪು, ಅದರ ಪರಿಸ್ಥಿತಿ ವಿಶೇಷವಾದುದು. ಅಲ್ಲದೆ ನ್ಯೂಜಿಲೆಂಡಿನ ಹೆಲೆನ್ ಸ್ವೋರ್ಡ್ ಎಂಬ ವಿದುಷಿ ನೂರು ಮಂದಿ ವಿದ್ವಾಂಸರನ್ನು ಸಂದರ್ಶಿಸಿ 2017ರಲ್ಲಿ ಹೊರತಂದ ಗ್ರಂಥದ ಪ್ರಕಾರ, ಯಶಸ್ವಿ ಲೇಖಕರಲ್ಲೂ ಅನೇಕರು ದಿನವೂ ಬರೆಯುವವರಲ್ಲ. ಈ ಗ್ರಂಥ ಕೈಗೆ ಬಂದಂದಿನಿಂದ ಪ್ರಸ್ತುತ ಸಂಶೋಧಕನಿಗೆ ನಿದ್ದೆ ಚೆನ್ನಾಗಿ ಬರುತ್ತಿದೆ.

ಜಯಮ್ಮನವರು ಮರುಮಾತಾಡದೆ ಅಂಗಡಿಯ ಲೆಕ್ಕದ ಪುಸ್ತಕವನ್ನು ತೆರೆದರು. ಯಾವ ದಿನ ಯಾರ ಎಷ್ಟು ಪುಟಗಳು ಜೋಡಣೆಗೆ ಬಂದವು ಎಂಬುದನ್ನು ಬಾಕಿ ವಸೂಲಿಗಾಗಿ ಬರೆದಿಡುವ ಈ ಪುಸ್ತಕವು, ಬರವಣಿಗೆಯ ರೂಢಿಯನ್ನು ಅರಿಯಲು ಲೇಖಕರ ದಿನಚರಿಗಿಂತ ಹೆಚ್ಚು ವಿಶ್ವಾಸಾರ್ಹವಾದ ಆಕರವೆನ್ನಬೇಕು.

ಜಯಮ್ಮ: ಕೇಳಿ ಸರ್. ನ್ಯಾಕ್ ವರದಿ, ನಾಲ್ಕು ಸಲ ತಿದ್ದಿದ್ದು. ಮುನ್ನುಡಿ, ಮೂರು ಕವನ ಸಂಕಲನಗಳಿಗೆ. ನಿವೃತ್ತರಾದ ಪ್ರಾಂಶುಪಾಲರಿಗೆ ಬಿನ್ನವತ್ತಳೆ, ಅಂದರೆ ಚೌಕಟ್ಟು ಹಾಕಿಸಿ ಕೊಡುವ ಆ ಹೊಗಳಿಕೆಯ ಪತ್ರ. ಅಭಿನಂದನ ಗ್ರಂಥಕ್ಕೆ ಲೇಖನ. ಅದೇ ಲೇಖನ ಹೆಸರು ಬದಲಾಗಿ ಇನ್ನೊಂದು ಅಭಿನಂದನ ಗ್ರಂಥಕ್ಕೆ. ಬಡಾವಣೆಯ ಚರಂಡಿಯ ಬಗ್ಗೆ ಪಾಲಿಕೆಗೆ ಅರ್ಜಿ, ಅದರಲ್ಲಿ ಎರಡು ಹಳಗನ್ನಡ ಪದ್ಯಗಳು. ಬಾಮೈದನ ಲಗ್ನಪತ್ರಿಕೆ. ದಿನಕ್ಕೆ ಒಂದು ಪುಟಕ್ಕೆ ಕಡಿಮೆಯಿಲ್ಲದಂತೆ ಬರೆಯುತ್ತಿರುವವರಿಗೆ ರೂಢಿಯಿಲ್ಲವೆಂದರೆ ಈ ಪುಸ್ತಕ ಒಪ್ಪುವುದಿಲ್ಲ.

ಪ್ರೊಫೆಸರ್: ಅವು ಬರವಣಿಗೆಯಲ್ಲ, ಜಯಮ್ಮನವರೇ, ಅವು ಉಪದ್ರವ.

ಜಯಮ್ಮ: ಉಪದ್ರವವೇ ಇರಲಿ. ಮುನ್ನುಡಿಯ ಕವಿಗಳು ಅಗೋ ಆ ಸ್ಟೂಲಿನ ಮೇಲೆ ಕೂತಿದ್ದರು, ಪ್ರಿಂಟ್ ಕೈಗೆ ಬರುವ ತನಕ ಏಳಲಿಲ್ಲ. ಬಿನ್ನವತ್ತಳೆಗೆ ಚೌಕಟ್ಟು ಹಾಕುವವನು ಬಾಗಿಲಲ್ಲೇ ನಿಂತಿದ್ದ. ನ್ಯಾಕ್‌ಗೆ ಕುಲಸಚಿವರ ಕಚೇರಿಯಿಂದ ಗಂಟೆಗೊಂದು ಫೋನು ಬರುತ್ತಿತ್ತು. ಆ ಕೆಂಪುನಾರಾಯಣ ಒಬ್ಬನೇ ನೋಡಿ, ಯಾರನ್ನೂ ಕಳಿಸಲಿಲ್ಲ. ಈಗ ಆ ಮೂರನೆಯ ಗುಂಪು ಎಷ್ಟು ಪುಟ ಬರೆಯಿತು, ಅದನ್ನು ಹೇಳಿ.

ಪ್ರೊಫೆಸರ್ (ಗಡ್ಡ ನೀವಿಕೊಂಡು): 157.

ಜಯಮ್ಮ: ಅವರ ಪರಿಸ್ಥಿತಿಯ ವಿಶೇಷವೇನು?

ಪ್ರೊಫೆಸರ್: ಅವರು ದಿನವೂ ಬರೆಯುವುದರ ಜೊತೆಗೆ, ವಾರಕ್ಕೊಮ್ಮೆ ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು.

ವಿದ್ವತ್ತಿನ ಒಂದು ಲಕ್ಷಣವೆಂದರೆ, ಬೇಡವಾದ ಸತ್ಯವನ್ನು ಕೂಡ ಅಚ್ಚುಕಟ್ಟಾಗಿ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು. ಜಯಮ್ಮನವರಿಗೆ ಆ ತೊಡಕು ಇಲ್ಲದ್ದರಿಂದ ಅವರು ಒಡನೆಯೇ ದರ ಹೇಳಿದರು: ಪ್ರತಿ ಶನಿವಾರ ಸಂಜೆ ಐದಕ್ಕೆ ಲೇಖನದ ಐದು ಪುಟಗಳೊಂದಿಗೆ ಬರತಕ್ಕದ್ದು, ತಂದ ಪುಟಕ್ಕೆ ಮಾಮೂಲಿ ದರ, ತಾರದ ಪುಟಕ್ಕೆ ಅದರ ಎರಡರಷ್ಟು. ಪ್ರೊಫೆಸರರು ಇದನ್ನು ಆನಂದದಿಂದ ಒಪ್ಪಿ, ಇಂಥ ಮಹತ್ವದ ಕರಾರು ಬಾಯಿಮಾತಿನಲ್ಲಿ ಇರಬಾರದೆಂದೂ, ಒಪ್ಪಂದ ಪತ್ರದ ಕರಡನ್ನು ಪ್ರಸ್ತುತ ಸಂಶೋಧಕನೇ ಸಿದ್ಧಪಡಿಸುವನೆಂದೂ ತಿಳಿಸಿ, ಮುಂದಿನ ಶನಿವಾರ ಐದು ಗಂಟೆಗೆ ಸರಿಯಾಗಿ ಹದಿನಾಲ್ಕು ಪುಟಗಳೊಡನೆ ಹಾಜರಾದರು.

ಜಯಮ್ಮ: ಸರ್, ಇದು ಪೂರ್ತಿ ಒಪ್ಪಂದ ಪತ್ರವೇ. ಮೊದಲ ಅಧ್ಯಾಯದಲ್ಲಿ ‘ಪುಟ’ ಎಂಬುದರ ವ್ಯಾಖ್ಯಾನವಿದೆ, ಎರಡನೆಯದರಲ್ಲಿ ಶಾಸನಗಳಲ್ಲಿ ಕರಾರುಗಳು ಎಂಬ ವಿವೇಚನೆಯಿದೆ. ಮುದ್ರಾಮಂಜೂಷ ಎಲ್ಲಿದೆ?

ಪ್ರೊಫೆಸರ್: ಹನ್ನೊಂದನೆಯ ಪುಟದ ಅಡಿಟಿಪ್ಪಣಿಯಲ್ಲಿ ಉಲ್ಲೇಖವಿದೆ.

ಜಯಮ್ಮ: ಹಾಗಾದರೆ ಹದಿನಾಲ್ಕು ಪುಟದ ಜೋಡಣೆಗೆ ಮಾಮೂಲಿ ದರ, ಲೇಖನದ ಬಾರದ ಐದು ಪುಟಕ್ಕೆ ಎರಡರಷ್ಟು. ಒಟ್ಟು ಮಾಡಲೇ?

ಪ್ರೊಫೆಸರ್: ಅದು ಹೇಗೆ ಸಾಧ್ಯ? ಪತ್ರಕ್ಕೆ ಉಭಯ ಪಕ್ಷಗಳ ಸಹಿ ಬೀಳದೆ ಯಾವ ಷರತ್ತೂ ಜಾರಿಗೆ ಬರುವುದಿಲ್ಲವೆಂದು ಮೂರನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸಲಾಗಿದೆ.

ಜಯಮ್ಮ: ತಗೊಳ್ಳಿ ಸರ್, ಪೆನ್ನು. ಹಾಕಿ ಸಹಿ.

ಪ್ರೊಫೆಸರ್: ಎರಡನೆಯ ಪ್ರೂಫ್ ನೋಡದೆ ಪ್ರಸ್ತುತ ಸಂಶೋಧಕನಿಗೆ ಯಾವುದಕ್ಕೂ ಸಹಿ ಹಾಕುವ ರೂಢಿಯಿಲ್ಲ.