ಉಸಿರು ಒಳಗೆ, ಬೆರಳು ಹೊರಗೆ

ಔರಂಗಾಬಾದಿನ ಪಕ್ಕದ ವಾಳೂಜಿನ ಒಂದು ಕಾರ್ಖಾನೆ. ಹೆಸರು ಬೇಡ, ಅವರ ಮನಶ್ಶಾಂತಿ ಕೆಡಿಸಿದ ಪಾಪ ನನಗೇಕೆ. ಅಲ್ಲಿನ ಕೆಲಸಗಾರರು ಮೂರು ಬೇಡಿಕೆ ಇಟ್ಟರು: ಪ್ರೆಸ್ ಶಾಪಿಗೆ ಇನ್ನೆರಡು ಫ್ಯಾನು, ಹಳೇ ಪವರ್ ಪ್ರೆಸ್ಸಿಗೆ ಸೆನ್ಸರು, ಸೆಕೆಂಡ್ ಶಿಫ್ಟಿಗೆ ರಿಲೀವರು. ಮಾಲೀಕರು ಮೂರನ್ನೂ ಸಹಾನುಭೂತಿಯಿಂದ ಪರಿಶೀಲಿಸಿ, ಯಾರೂ ಕೇಳದ ನಾಲ್ಕನೆಯದನ್ನು ಮಂಜೂರು ಮಾಡಿದರು. ಧ್ಯಾನ.

ಸುದ್ದಿ ಕೊಟ್ಟವನು ನನ್ನ ಕಾಕನ ಮಗ. ಭಾಲ್ಕಿ ಕಡೆಯವನು, ಬಜಾಜ್‌ನಗರದ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಹಿಡಿದು ಸಂಸಾರ ಹೂಡಿದ್ದಾನೆ. 1956ರವರೆಗೆ ಬೀದರೂ ಔರಂಗಾಬಾದೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಔರಂಗಾಬಾದಿನ ಹೆಸರು ಸಂಭಾಜಿನಗರವಾದರೂ ನೌಕರಿ ಹುಡುಕಿ ಹೊರಡುವ ನಮ್ಮ ಹುಡುಗರಿಗೆ ಅದೇನೂ ಪರದೇಶವಲ್ಲ.

"ಫ್ಯಾನ್ ಕೇಳಿದ್ವಿ ಅಣ್ಣಾ, ಉಸಿರು ಜೋರಾಗಿ ಎಳ್ಕೋರಿ ಅಂದ್ರು. ಗಾಳಿ ಬೇಕಂದ್ರ ಇನ್ನ ನಂದು ನಾನೇ ಹಾಕ್ಕೋಬೇಕಂತ."

ಪುಣೆಯಿಂದ ತರಬೇತಿಯ ಮೇಡಂ ಬಂದಿದ್ದರು. ಪರದೆಯ ಮೇಲೆ ಬಿದಿರಿನ ಚಿತ್ರ. ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಒತ್ತಡದಲ್ಲಿ ನೀವೂ ಹಾಗಿರಬೇಕು ಎಂದರಂತೆ. ಇವನು ಸುಮ್ಮನಿರಲಾರದೆ, "ಮೇಡಂ, ಬಾಗೋ ಬಿದಿರನ್ನೇ ಸೀಳಿ ನಮ್ಮೂರಾಗ ಬುಟ್ಟಿ ಹೆಣೀತಾರ" ಅಂದನಂತೆ. ಮೇಡಂ ಅದನ್ನು 'ನಕಾರಾತ್ಮಕ ಯೋಚನೆ' ಅಂತ ಬರೆದುಕೊಂಡರು.

ಧ್ಯಾನದ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದ ನಾಸಿಕ್ ಜಿಲ್ಲೆಯ ಇಗತ್‌ಪುರಿಯಲ್ಲೇ ಗೋಯೆಂಕಾ ಅವರ ವಿಪಶ್ಯನ ಕೇಂದ್ರ ಧಮ್ಮಗಿರಿ ಇದೆ. ಮ್ಯಾಂಡಲೆಯಲ್ಲಿ ಹುಟ್ಟಿದ ಈ ವ್ಯಾಪಾರಿಗೆ ಭೀಕರ ತಲೆನೋವು. ಮಾರ್ಫಿನ್ ಸೂಜಿಯೇ ಗತಿ. ಸಯಾಜಿ ಉ ಬಾ ಖಿನ್ ಬಳಿ ಹೋದರೆ, ತಲೆನೋವಿಗೆ ಮದ್ದೆಂದು ಬಂದಿದ್ದರೆ ಕಲಿಸುವುದಿಲ್ಲ ಎಂದು ಗುರು ಹಿಂದಕ್ಕೆ ಕಳಿಸಿದರು. ಮನಸ್ಸು ತೊಳೆಯಲು ಬರುವುದಾದರೆ ಬಾ ಎಂದರು. ಅಂದಹಾಗೆ ಆ ಗುರು ಕಾಡಿನ ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಈಗಿನ ಎಚ್‌ಆರ್ ಗುರುಗಳು ಅಷ್ಟು ಕಠಿಣರಲ್ಲ; ತಲೆನೋವನ್ನೂ ಧ್ಯಾನವನ್ನೂ ಒಂದೇ ಕೌಂಟರಿನಲ್ಲಿ ಕೊಡುತ್ತಾರೆ.

ಧಮ್ಮಗಿರಿಯಲ್ಲಿ ಹತ್ತು ದಿನದ ಶಿಬಿರ. ಬೆಳಗಿನ 4ಕ್ಕೆ ಗಂಟೆ, ಮೊಬೈಲು ಜಮಾ, ಮಾತು ಬಂದ್. ಊಟ ವಸತಿಗೆ ಕಾಸಿಲ್ಲ. ಕಾಕನ ಮಗ ಅದಕ್ಕೆ ರಜೆ ಕೇಳಿದ. ಪ್ರೊಡಕ್ಷನ್ ಟಾರ್ಗೆಟ್ ಇದೆ ಎಂದರು. ಹತ್ತು ದಿನವನ್ನು ಕುದಿಸಿ ಇಂಗಿಸಿ ಇಪ್ಪತ್ತು ನಿಮಿಷ ಮಾಡಿ, ಆ ಇಪ್ಪತ್ತನ್ನೂ ಊಟದ ಹೊತ್ತಿನಲ್ಲಿ ಮುರಿದುಕೊಂಡರು. ಧಮ್ಮಗಿರಿಯ ನಿಯಮಗಳಲ್ಲಿ ಕಾರ್ಖಾನೆ ಪೂರ್ತಿಯಾಗಿ ಅಳವಡಿಸಿಕೊಂಡದ್ದು ಒಂದನ್ನೇ: ಬಾಯಿ ಮುಚ್ಚಿಕೊಂಡಿರುವುದು.

ಇನ್ನು ಮುಂದೆ ಧ್ಯಾನದ ಅಗತ್ಯ ಹೆಚ್ಚಲಿದೆ. ಕಾರ್ಖಾನೆಯ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ಕರ್ನಾಟಕ 2023ರಲ್ಲೇ ಕಾನೂನು ತಿದ್ದಿತು; 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಸಂಪುಟವೂ ಹೂಂ ಅಂದಿತು. ಬೆಳಗಾವಿಗೆ ಬಡಿದಾಡುವ ಎರಡು ರಾಜ್ಯಗಳಿಗೆ ಈ ಒಂದು ವಿಷಯದಲ್ಲಿ ಗಡಿ ತಕರಾರಿಲ್ಲ.

ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಎಂಬ ಸಂಶೋಧಕ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಜಾಲಾಡಿ 2024ರಲ್ಲಿ ಬರೆದದ್ದೇನೆಂದರೆ, ಇಂಥ ತರಬೇತಿಗೆ ಕೂತವರೂ ಕೂರದವರೂ ಹೆಚ್ಚುಕಡಿಮೆ ಒಂದೇ. ಬದಲಾಗಬೇಕಾದ್ದು ಕೆಲಸದ ರೀತಿ. ಇದನ್ನು ತಿಳಿಯಲು ಅಷ್ಟೊಂದು ಜನ ಬೇಕಿತ್ತೆ? ಪ್ರೆಸ್ ಶಾಪಿನಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ಸಾಕಿತ್ತು.

ವಾಳೂಜಿಗೆ ಅಂಟಿಕೊಂಡೇ ಒಂದು ಪಂಢರಪುರವಿದೆ. ಆಷಾಢ ಏಕಾದಶಿಗೆ ದೂರದ ದೊಡ್ಡ ಪಂಢರಪುರಕ್ಕೆ ಹೋಗಲಾಗದವರು ಇಲ್ಲಿಯೇ ಸೇರುತ್ತಾರೆ. ನಮ್ಮ ಹುಡುಗನೂ ಹೋಗಿ ವಿಠಲನಿಗೆ ಕೈಮುಗಿದ. "ಸೊಂಟದ ಮ್ಯಾಲ ಕೈಯಿಟ್ಟು ನಿಂತೇ ಬಿಟ್ಟಾನ ನೋಡಣ್ಣಾ. ಪಾಪ, ಅವನಿಗೂ ರಿಲೀವರ್ ಬಂದಿಲ್ಲ."

ತರಬೇತಿಯ ಎರಡನೇ ವಾರ ಚಿನ್ಮುದ್ರೆಯ ಪಾಠ. ಎಲ್ಲರೂ ಕಣ್ಣು ಮುಚ್ಚಿ ಹೆಬ್ಬೆರಳ ತುದಿಗೆ ತೋರುಬೆರಳು ಮುಟ್ಟಿಸಬೇಕು. ಸಾಲುಸಾಲು ತಿದ್ದುತ್ತ ಬಂದ ಮೇಡಂ ಕೊನೆಯ ಸಾಲಿನಲ್ಲಿ, ಇವನ ಪಕ್ಕದ ಹಳೇ ಆಪರೇಟರನ ಎದುರು ನಿಂತರು. ಆತ ಹೆಬ್ಬೆರಳಿಗೆ ನಡುಬೆರಳು ಕೂಡಿಸಿದ್ದ.

"ಕಾಕಾ, ಮುದ್ರೆ ತಪ್ಪಾಯಿತು. ತೋರುಬೆರಳು."

2025ರವರೆಗೆ ಜಾರಿಯಲ್ಲಿದ್ದ ನೌಕರರ ಪರಿಹಾರ ಕಾಯಿದೆಯ ಮೊದಲನೇ ಪರಿಶಿಷ್ಟದಲ್ಲಿ ಬೆರಳುಗಳಿಗೆ ದರಪಟ್ಟಿಯಿತ್ತು. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14 ನಷ್ಟ, ನಡುಬೆರಳಿಗೆ ಶೇ. 12.

ಕಾಕಾ ಕಣ್ಣು ತೆರೆಯದೆಯೇ ಹೇಳಿದನಂತೆ: "ಅದರ ಹಣ ಬಂತು ಮೇಡಂ. ಈಗ ಹನ್ನೆರಡು ಪರ್ಸೆಂಟಿನದರಾಗ ಧ್ಯಾನ ಮಾಡಾಕತ್ತೀನಿ."