ಮಿಂಚುಳ್ಳಿಯ ಪಂಚನಾಮೆ

ನಾನು ತೆಗೆದ ಫೋಟೋಗಳನ್ನು ಮೊದಲಿನಿಂದ ಕೊನೆಯವರೆಗೆ ಗಮನವಿಟ್ಟು ನೋಡಿದವನು ಈ ಭೂಮಿಯ ಮೇಲೆ ಒಬ್ಬನೇ ಒಬ್ಬ. ಹೆಂಡತಿ ಮೂರನೆಯದಕ್ಕೇ "ಒಲೆ ಮೇಲೆ ಹಾಲಿದೆ" ಎಂದು ಏಳುತ್ತಾಳೆ. ಮಗಳು ನೋಡುವ ಮೊದಲೇ "ಸೂಪರ್ ಅಪ್ಪಾ" ಎಂದುಬಿಡುತ್ತಾಳೆ. ಆ ಪುಣ್ಯಾತ್ಮ ನನಗೆ ಸಿಕ್ಕಿದ್ದು ಬೂದಿಕೋಟೆಯಲ್ಲಿ. ನನ್ನನ್ನು ಗೂಢಚಾರನೆಂದು ತಿಳಿದದ್ದರಿಂದಲೇ ಅಷ್ಟು ಶ್ರದ್ಧೆಯಿಂದ ನೋಡಿದ ಎಂಬುದು ಬೇರೆ ಮಾತು.

ಹೋದದ್ದೇನೋ ಕೋಟೆಗೆಂದು. ಹೈದರ್ ಅಲಿ ಹುಟ್ಟಿದ ಊರು. 1720 ಎನ್ನುವವರೂ ಇದ್ದಾರೆ, 1722 ಎನ್ನುವವರೂ ಇದ್ದಾರೆ. ಬೆಳಗಿನ ಬಿಸಿಲಿಗೆ ಅಲ್ಲಿನ ಬಂಡೆಗಳು ಚೆನ್ನಾಗಿ ಬರುತ್ತವೆ ಎಂದು ಯಾರೋ ಆಸೆ ಹುಟ್ಟಿಸಿದ್ದರು. ಬಂಗಾರಪೇಟೆಯಲ್ಲಿ ರೈಲಿಳಿದು, ಬರುವಾಗ ಪಾನಿಪೂರಿ ತಿನ್ನುವುದೆಂದು ಸಂಕಲ್ಪ ಮಾಡಿ, ಬಸ್ಸು ಹತ್ತಿದೆ. ಹೆಗಲಲ್ಲಿ ಕಂತಿನ ಮೇಲೆ ಕೊಂಡ ಉದ್ದನೆಯ ಲೆನ್ಸು (ಮನೆಯಲ್ಲಿ ಹೇಳಿದ ಬೆಲೆಗೆ ಒಂದು ಸೊನ್ನೆ ಸೇರಿಸಿಕೊಳ್ಳಿ), ಕೈಯಲ್ಲಿ ಟ್ರೈಪಾಡು, ಮೈಮೇಲೆ ಹದಿನಾಲ್ಕು ಜೇಬಿನ ಅಂಗಿ. ಒಂದು ಜೇಬಿನಲ್ಲಿ ಬಸ್ ಟಿಕೆಟ್, ಇನ್ನೊಂದರಲ್ಲಿ ಬಿ.ಪಿ. ಮಾತ್ರೆ, ಉಳಿದ ಹನ್ನೆರಡು ಶೋಭೆಗೆ.

ದಾರಿಯಲ್ಲಿ ಒಂದು ಕೆರೆ. ಏರಿಯ ಕೆಳಗೆ ಜಾಲಿ ಕೊಂಬೆಯ ಮೇಲೆ ಮಿಂಚುಳ್ಳಿ. ಕೋಟೆ ಮರೆತೇಹೋಯಿತು. ಟ್ರೈಪಾಡು ಊರಿ, ಉಸಿರು ಬಿಗಿಹಿಡಿದು, ಎರಡು ಗಂಟೆ ಹೊತ್ತು ಚಕಚಕ ಹೊಡೆದೆ. ಹಿಂದಿನಿಂದ ದನಿ ಬಂತು.

"ಏನ್ ಸಾರ್ ಇದು?"

"ಕ್ಯಾಮೆರಾ."

"ಅದು ಗೊತ್ತು. ಪರ್ಮಿಷನ್ ಇದೆಯಾ?"

ಖಾಕಿ ಪ್ಯಾಂಟು, ಬಿಳಿ ಅಂಗಿ, ಕತ್ತಿನಲ್ಲಿ ತಿರುವಿಬಿದ್ದ ಗುರುತಿನ ಚೀಟಿ. ಯಾವ ಇಲಾಖೆಯೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಆತನಿಗಿತ್ತು, ನನಗಿರಲಿಲ್ಲ. ಅಲ್ಲೇ ನಾಲ್ಕು ಹುಡುಗರು ಆತನ ಬೈಕಿಗೇ ಒರಗಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಪರ್ಮಿಷನ್ ಬೇಡ. ಬೆಟ್ಟದ ಒಂದೊಂದು ಬಂಡೆಯನ್ನೂ ಆಕಾಶದಿಂದ ತೆಗೆದು ಊರಿನವರ ಫೋನಿಗೆಲ್ಲ ಹಂಚುವ ಉಪಗ್ರಹಗಳಿಗೂ ಬೇಡ. ದೇಶಕ್ಕೆ ಅಪಾಯವಿರುವುದು ಮೂರು ಕಾಲಿನ ಮೇಲೆ ನಿಂತ ವಸ್ತುವಿನಿಂದ ಮಾತ್ರ.

ನಾನೂ ಬಿಡಲಿಲ್ಲ. "2018ರಲ್ಲೇ ಪುರಾತತ್ವ ಇಲಾಖೆಯವರು ತಮ್ಮ ಸ್ಮಾರಕಗಳಲ್ಲಿ ಫೋಟೋ ತೆಗೆಯಬಹುದು ಅಂದಿದ್ದಾರೆ. ಅಜಂತಾ ಗುಹೆ, ಲೇಹ್ ಅರಮನೆಯ ವರ್ಣಚಿತ್ರ, ತಾಜ್‌ಮಹಲಿನ ಗೋರಿ, ಇಷ್ಟು ಬಿಟ್ಟು."

"ಇಲ್ಲಿ ತಾಜ್‌ಮಹಲ್ ಎಲ್ಲಿ ಬಂತು ಸಾರ್? ಇದು ಕೆರೆ. ತೋರ್ಸಿ, ಏನೇನ್ ತೆಗ್ದಿದ್ದೀರ."

ಏರಿಯ ಕಲ್ಲಿನ ಮೇಲೆ ಕುಳಿತೆವು. ಆತ ಬೆರಳಿಗೆ ಎಂಜಲು ಹಚ್ಚಿ ಕ್ಯಾಮೆರಾದ ಪರದೆಯನ್ನು ಫೋನಿನಂತೆ ತಳ್ಳಿದ. ಪರದೆ ಜಗ್ಗಲಿಲ್ಲ. ಗುಂಡಿ ಎಲ್ಲಿದೆಯೆಂದು ತೋರಿಸಿಕೊಟ್ಟೆ. ನನ್ನ ಪಂಚನಾಮೆಗೆ ನಾನೇ ಪಂಚನಾದೆ.

"ಇದೇನು?"

"ಮಿಂಚುಳ್ಳಿ."

"ಎಲ್ಲಿ?"

"ಹಾರಿಹೋಯಿತು."

"ಇದು?"

"ಅದು ಕೂತಿದ್ದ ಕೊಂಬೆ."

"ಇದು?"

"ಅದೇ ಕೊಂಬೆ. ಕೂರಬಹುದು ಅಂತ."

"ಈ ನೀಲಿ ಕಲೆ?"

"ಬಾಲ."

"ಮಿಕ್ಕಿದ್ದು?"

"ಅಷ್ಟರಲ್ಲಿ ಹೋಗಿತ್ತು."

ಒಟ್ಟು ನೂರ ನಲವತ್ತಮೂರು. ಒಂದನ್ನೂ ಬಿಡಲಿಲ್ಲ ಮಹಾರಾಯ. ಐವತ್ತು ದಾಟುವ ಹೊತ್ತಿಗೆ ಆತನ ಮುಖದಿಂದ ಅನುಮಾನ ಇಳಿದು ಕನಿಕರ ಏರತೊಡಗಿತು. ಎಪ್ಪತ್ತೆರಡರಲ್ಲಿ "ಛೇ!" ಎಂದ, ಹಕ್ಕಿಯ ಕೊಕ್ಕು ಚೌಕಟ್ಟಿನಿಂದ ಆಚೆ ಉಳಿದದ್ದಕ್ಕೆ. ತೊಂಬತ್ತೇಳನೆಯದರಲ್ಲಿ ಬೆರಳು ನಿಂತಿತು. ಕ್ಯಾಮೆರಾವನ್ನು ಸ್ವಲ್ಪ ದೂರ ಹಿಡಿದು, ತಲೆ ಓರೆ ಮಾಡಿ, "ಇದೊಂದು ಪರವಾಗಿಲ್ಲ" ಎಂದ. ನನ್ನ ಎದೆ ಡವಗುಟ್ಟಿತು. "ಹೌದಾ? ಬೆಳಕು ಜಾಸ್ತಿ ಆಗಿಲ್ಲವಾ?" ಎಂದು ಕೇಳಿಯೇಬಿಟ್ಟೆ. ಬಂಧನದ ಅಂಚಿನಲ್ಲಿ ಕುಳಿತ ಮನುಷ್ಯ ಕೇಳುವ ಪ್ರಶ್ನೆಯೇ ಅದು?

ಆಮೇಲೆ ಸಾಹೇಬರಿಗೆ ಕಳಿಸಬೇಕೆಂದು, ನನ್ನನ್ನು ಟ್ರೈಪಾಡಿನ ಪಕ್ಕ ನಿಲ್ಲಿಸಿ ತನ್ನ ಫೋನಿನಲ್ಲಿ ಒಂದು ಫೋಟೋ ಹೊಡೆದ. ಹಿಂದೆ ಬೆಟ್ಟ, ಮುಂದೆ ನೀರು, ನಡುವೆ ನಾನು. ಏನು ಬೆಳಕು, ಏನು ಚೊಕ್ಕ! ಹನ್ನೆರಡು ಖಾಲಿ ಜೇಬುಗಳೂ ಎಣಿಸುವಂತೆ ಬಂದಿವೆ. ನಾಚಿಕೆ ಬಿಟ್ಟು ನನಗೂ ಕಳಿಸಪ್ಪ ಎಂದೆ. ಈಗ ವಾಟ್ಸಾಪಿನಲ್ಲಿ ನನ್ನ ಮುಖವೆಂದರೆ ಅದೇ.

ಮನೆಗೆ ಬಂದು ಯೋಚಿಸಿದರೆ ಆತನ ಅನುಮಾನವನ್ನು ಪೂರಾ ತಳ್ಳಿಹಾಕುವಂತಿಲ್ಲ. ಈ ಸೀಮೆಯ ಬೆಟ್ಟದ ಕೋಟೆಗಳ ಎದುರು ಚಿತ್ರ ಬರೆಯಲು ಕುಳಿತವರು ಯಾರು? ಟಿಪ್ಪುವಿನ ಮೇಲೆ 1791ರಲ್ಲಿ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆಯ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. 1794ರಲ್ಲಿ ಮೈಸೂರು ಸೀಮೆಯ ಚಿತ್ರಗಳನ್ನೆಲ್ಲ ಪುಸ್ತಕ ಮಾಡಿ ಹಾಕಿದ. ಅವನ ಬೆನ್ನ ಹಿಂದೆ ಫಿರಂಗಿಗಳಿದ್ದವು. ಅವನನ್ನು ಯಾರಾದರೂ ತಡೆದು "ಪರ್ಮಿಷನ್ ಇದೆಯಾ ಸಾರ್?" ಎಂದು ಕೇಳಬೇಕಿತ್ತು. ಪ್ರಶ್ನೆ ಸರಿಯಾಗಿಯೇ ಇದೆ, ಇನ್ನೂರ ಮೂವತ್ತು ವರ್ಷ ತಡವಾಯಿತು, ಅಷ್ಟೆ.

ಬೇರೆಯವರ ಪಾಡು ನೋಡಿದರೆ ನನ್ನದು ಹಬ್ಬ. ವಿಮಾನ ನೋಡುವ ಹುಚ್ಚಿನ ಹನ್ನೆರಡು ಬ್ರಿಟಿಷರು ಮತ್ತು ಇಬ್ಬರು ಡಚ್ಚರನ್ನು 2001ರಲ್ಲಿ ಗ್ರೀಸಿನ ಕಾಲಮಾಟದಲ್ಲಿ ಬೇಹುಗಾರರೆಂದು ಹಿಡಿದು ವಾರಗಟ್ಟಲೆ ಜೈಲಿನಲ್ಲಿಟ್ಟಿದ್ದರು. ನಿರ್ದೋಷಿಗಳೆಂದು ಬಿಡಿಸಿಕೊಳ್ಳುವುದಕ್ಕೆ ಮರುವರ್ಷದ ನವೆಂಬರ್ ಬೇಕಾಯಿತು. ಲಂಡನ್ನಿನ ಫೋಟೋಗ್ರಾಫರುಗಳು 2010ರ ಜನವರಿಯಲ್ಲಿ, ತಾವು ಫೋಟೋ ತೆಗೆಯುವವರೇ ಹೊರತು ಭಯೋತ್ಪಾದಕರಲ್ಲ ಎಂದು ಟ್ರಫಾಲ್ಗರ್ ಚೌಕದಲ್ಲಿ ಗುಂಪುಗೂಡಿ ಸಾರಬೇಕಾಯಿತು. ನನಗೆ ಆದದ್ದು ಒಂದು "ಪರವಾಗಿಲ್ಲ" ಮಾತ್ರ.

ಕೆರೆ ಏರಿಗೆ ವಾಪಸ್ಸು ಬರುತ್ತೇನೆ. ಸಾಹೇಬರಿಂದ ಉತ್ತರ ಬರಲಿಲ್ಲ. ನೀಲಿ ಗೆರೆಯೂ ಮೂಡಲಿಲ್ಲ. ನಮ್ಮ ಸುತ್ತ ಏಳೆಂಟು ಜನ ಸೇರಿದ್ದರು. ಅದರಲ್ಲೊಬ್ಬ ಮುದುಕಪ್ಪ, ಅಷ್ಟು ಹೊತ್ತೂ ಟ್ರೈಪಾಡಿನ ಕಾಲು ಸವರುತ್ತ ಕೂತಿದ್ದವನು, "ಸಾಮೀ, ನಂದೊಂದು ತೆಗೀತೀರಾ?" ಎಂದ. ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ದುಡಿದವನಂತೆ. ಮೂರು ಕಿಲೋಮೀಟರಿಗೂ ಮಿಕ್ಕಿ ಆಳ ಹೋದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿಗಳಿಗೆಲ್ಲ ಬೀಗ ಬಿತ್ತು.

"ಅಲ್ಲಿದ್ದಾಗಿನ ಫೋಟೋ ಇಲ್ವಾ ಯಜಮಾನ್ರೇ?"

"ಪಾಸಿಗೆ ಅಂಟಿಸಿದ್ದು ಒಂದಿತ್ತು, ಮೀಸೆ ಬಿಟ್ಟಿದ್ದೆ. ಗೆದ್ದಲು ತಿಂದ್ಬಿಡ್ತು. ಒಳಗೆ ಇಳಿದ್ಮೇಲೆ ಯಾರು ತೆಗೀತಾರೆ ಸಾಮೀ, ಕತ್ಲಲ್ಲಿ."

ಹುಡುಗರ ಗಲಾಟೆ ನಿಂತಿತ್ತು. ನಾನು ಖಾಕಿ ಪ್ಯಾಂಟಿನವನ ಮುಖ ನೋಡಿದೆ. ಆತ ಗುರುತಿನ ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡ.

"ಬೇಗ ತೆಗ್ದುಬಿಡಿ ಸಾರ್. ನಾನು ಆ ಕಡೆ ನೋಡ್ತಿರ್ತೀನಿ."

ಹೇಳಿದಂತೆಯೇ ಬೆನ್ನು ತಿರುಗಿಸಿ ನೀರಿನ ಕಡೆ ನಿಂತ. ಮುದುಕಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಇಲ್ಲದ ಮೀಸೆಯನ್ನು ಒಮ್ಮೆ ತೀಡಿಕೊಂಡು, ಕಲ್ಲಿನ ಹಾಗೆ ಅಲುಗಾಡದೆ ನಿಂತ. ನಾನು ಕಣ್ಣು ಕಿರಿದು ಮಾಡಿ ಫೋಕಸ್ ಹಿಡಿಯುತ್ತಿದ್ದೆ.

"ಸಾರ್! ಸಾರ್! ನಿಮ್ಮ ಹಕ್ಕಿ, ಅದೇ ಕೊಂಬೆ!" ಎಂದು ಆತ ಪಿಸುಗುಟ್ಟಿದ. ನಾನು ತಿರುಗಲಿಲ್ಲ. ಹಿಂದೆ ಆತನ ಫೋನು ಚಕ್ಕೆಂದದ್ದು ಮಾತ್ರ ಕೇಳಿಸಿತು.